ಹೆಸರಿನ ಮುಂದೆ ‘ಡಾ.’ ಬಂದರೆ ಸಾಲದು

ಯುಜಿಸಿ ಪ್ರಕಟಿಸುತ್ತ ಬಂದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕರ್ನಾಟಕದ ಪಾಲಿಗೆ ಎಷ್ಟೋ ವರ್ಷ ಇದ್ದದ್ದು ಒಂದೇ ಹೆಸರು. ಅದೂ ನಮ್ಮ ಬೆಳಗಾವಿ ಜಿಲ್ಲೆಯದು: ಗೋಕಾಕದ ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ. ಸಂಸತ್ತಿನ ಅಥವಾ ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿದ, ಇಲ್ಲವೇ ಡೀಮ್ಡ್ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಪದವಿ ಕೊಡುವ ಹಕ್ಕಿದೆ ಎಂದು 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಹಾಗಾಗಿ ನಕಲಿಯನ್ನು ಗುರುತಿಸುವುದು ಕಷ್ಟವಲ್ಲ, ಪಟ್ಟಿ ತೆರೆದು ನೋಡಿದರಾಯಿತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯ ನಷ್ಟ. ವಿಶ್ವವಿದ್ಯಾಲಯ ಅಸಲಿ, ಮಾರ್ಗದರ್ಶಕರು ಅಸಲಿ, ಪ್ರಬಂಧವೂ ಅಸಲಿ. ಐದಾರು ವರ್ಷ ಬೆವರು ಸುರಿಸಿ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದಾಗಿದೆ. ಆದರೂ ಖಾನಾಪುರದಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಫಲಕ ಹಾಕುವಂತಿಲ್ಲ. ಪಿಎಚ್‌ಡಿ ಸಂಶೋಧನೆಯ ಪದವಿ, ಪಾಠ ಹೇಳುವ ಬಾಗಿಲನ್ನು ತೆರೆಯುತ್ತದೆ. ರೋಗಿಯ ಎದುರು ಕೂರುವ ಅಧಿಕಾರ ಬರುವುದು ಬೇರೆ ದಾರಿಯಿಂದ.

ಈ ಎರಡು ದಾರಿಗಳು ಬೇರೆಯಾದದ್ದು ನಮ್ಮ ರಾಜ್ಯದಲ್ಲೇ ಕಾಣಸಿಗುವ ಕಥೆ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಅದು ಪ್ರಯೋಗಾಲಯದ, ತರಗತಿಯ ಮನಃಶಾಸ್ತ್ರ. ಮೂರು ದಶಕಗಳ ನಂತರ, 1954ರಲ್ಲಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಮನಃಶಾಸ್ತ್ರ ಓದಿದವರಿಗೊಂದು ಡಿಪ್ಲೊಮಾ ಹುಟ್ಟಿತು. ಎಂ.ಎ. ಮುಗಿಸಿದವರು ವಾರ್ಡಿಗೆ ಬರಬೇಕು, ರೋಗಿಯ ಮಾತು ಕೇಳಬೇಕು, ಪರೀಕ್ಷೆಗಳನ್ನು ನಡೆಸಬೇಕು, ಬರೆದ ವರದಿಯನ್ನು ಹಿರಿಯರ ಮುಂದಿಟ್ಟು ತಿದ್ದಿಸಿಕೊಳ್ಳಬೇಕು. 1974ರಲ್ಲಿ ಆ ಸಂಸ್ಥೆಯೂ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ‘ಮೆಡಿಕಲ್ ಅಂಡ್ ಸೋಷಿಯಲ್ ಸೈಕಾಲಜಿ’ ಎಂಬ ಎಂ.ಫಿಲ್. ಆಗಿ ಬೆಳೆಯಿತು.

1992ರಲ್ಲಿ ಸಂಸತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ತಂದಾಗ ಈ ಹಿರಿಯರ ಕಣ್ಗಾವಲಿನ ತರಬೇತಿಗೆ ಕಾನೂನಿನ ಬಲ ಬಂತು. ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮಾಡಿ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ಸೇರಿದವರಷ್ಟೇ ವೃತ್ತಿ ನಡೆಸಬಹುದು. 13ನೇ ಕಲಂ ಉಲ್ಲಂಘಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂದು ವಿವರಿಸುವಾಗ ‘ಮೆಡಿಕಲ್ ಅಂಡ್ ಸೋಷಿಯಲ್ ಸೈಕಾಲಜಿ’ಯ ಎಂ.ಫಿಲ್. ಅನ್ನೂ ಹೆಸರಿಸಿತು. ಎರಡು ವರ್ಷದ ಪೂರ್ಣಾವಧಿ ಓದು, ಮೇಲ್ವಿಚಾರಣೆಯ ತರಬೇತಿ, ಯುಜಿಸಿ ಮಾನ್ಯತೆ, ಜೊತೆಗೆ ಆರ್‌ಸಿಐ ಅನುಮೋದನೆ ಎಲ್ಲವೂ ಇರಬೇಕೆಂದು ಸ್ಪಷ್ಟವಾಗಿ ಬರೆಯಿತು. ಆ ವಿವರಣೆಯಲ್ಲಿ ಬರಿಯ ಪಿಎಚ್‌ಡಿಗೆ ಜಾಗವಿಲ್ಲ.

ಅಮೆರಿಕದಲ್ಲಿಯೂ ರೋಗಿಗಳ ಆರೈಕೆಯ ಅಗತ್ಯದಿಂದಲೇ ಮಾನ್ಯತೆ ಹುಟ್ಟಿತು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಆರೈಕೆಗೆ ಮನಃಶಾಸ್ತ್ರಜ್ಞರು ಬೇಕಾದಾಗ, ಸರಿಯಾದ ತರಬೇತಿ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ಅಲ್ಲಿನ ಸರ್ಕಾರಿ ಇಲಾಖೆ ಕೇಳಿತು. ಅಲ್ಲಿನ ಮನಃಶಾಸ್ತ್ರಜ್ಞರ ಸಂಘವಾದ ಎಪಿಎ ಪಟ್ಟಿ ಮಾಡತೊಡಗಿತು. ಅಲ್ಲಿ ಡಾಕ್ಟರೇಟ್ ಕೋರ್ಸಿಗೇ ಆ ಮಾನ್ಯತೆಯ ಮುದ್ರೆ ಬೀಳುತ್ತದೆ. ವಿದೇಶಕ್ಕೆ ಹೊರಟ ನಮ್ಮ ಮಕ್ಕಳು ಅದನ್ನು ಮೊದಲೇ ನೋಡಿಕೊಳ್ಳಬೇಕು.

ಮಾನ್ಯತೆ ಇಲ್ಲದ ಓದಿನ ಬಿಸಿ ತಟ್ಟುವುದು ವಿದ್ಯಾರ್ಥಿಗೆ ಮಾತ್ರವಲ್ಲ. ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬುದ್ಧಿಮಾಂದ್ಯ ಮಗುವನ್ನು ಕರೆದುಕೊಂಡು ಬಸ್ಸು ಹಿಡಿದು ಬೆಳಗಾವಿಗೆ ಬರುವ ತಾಯಿಗೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕಿರುತ್ತದೆ. ಅದಕ್ಕೆ ಬುದ್ಧಿಮಟ್ಟದ ಪರೀಕ್ಷೆ ಆಗಬೇಕು. ಆ ಪರೀಕ್ಷೆಯನ್ನು ಅರ್ಹತೆ ಇಲ್ಲದವರು ಮಾಡಿದರೆ ಮಗುವಿನ ಪಿಂಚಣಿ, ಶಾಲೆ, ಚಿಕಿತ್ಸೆ ಎಲ್ಲಕ್ಕೂ ಪೆಟ್ಟು. ಸಮೀಪದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ವಾರ್ಡಿನಲ್ಲಿ ತಿದ್ದಿಸಿಕೊಂಡು ಕಲಿತವರು ಎಷ್ಟಿದ್ದರೂ ನಮ್ಮ ಗಡಿ ತಾಲ್ಲೂಕುಗಳಿಗೆ ಸಾಲುವುದಿಲ್ಲ.

ಈಗ ನೆಲವೇ ಅಲುಗಾಡುತ್ತಿದೆ. ಎಂ.ಫಿಲ್. ನಿಲ್ಲಿಸಲು 2022ರ ಯುಜಿಸಿ ನಿಯಮ ಹೇಳಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ ಯುಜಿಸಿ 2025-26ರ ಸಾಲಿನವರೆಗೆ ಅವಕಾಶ ವಿಸ್ತರಿಸಿತು. ವೃತ್ತಿಪರ ಡಾಕ್ಟರೇಟ್ ಆದ ಸೈ.ಡಿ. ಕಡೆಗೆ ಈಗ ವಿದ್ಯಾರ್ಥಿಗಳು ತಿರುಗಿದ್ದಾರೆ. 2025ರಲ್ಲಿ ಮನಃಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದಕ್ಕೂ ಯುಜಿಸಿ ತಡೆ ಹಾಕಿತು. ಇಂಥ ಗೊಂದಲದ ಹೊತ್ತಿನಲ್ಲೇ ‘ನ್ಯಾಕ್ ಎ ಪ್ಲಸ್’ ಎಂಬ ಜಾಹೀರಾತು ಕಣ್ಣು ಕುಕ್ಕುತ್ತದೆ. ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನು. ನಿಮ್ಮ ಕೋರ್ಸಿಗೆ ಆರ್‌ಸಿಐ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಆರ್‌ಸಿಐ ಒಪ್ಪಿಗೆ ಇಂತಿಷ್ಟು ಸೀಟಿಗೆ, ಇಂತಿಷ್ಟು ವರ್ಷಕ್ಕೆಂದು ಸಿಗುತ್ತದೆ. ಆದ್ದರಿಂದ ಪ್ರವೇಶ ಶುಲ್ಕ ಕಟ್ಟುವ ಮೊದಲು ಪರಿಷತ್ತಿನ ಜಾಲತಾಣದಲ್ಲಿ ಆ ಸಂಸ್ಥೆಯ ಹೆಸರು, ಆ ಕೋರ್ಸ್, ನೀವು ಸೇರುವ ವರ್ಷ ಮೂರನ್ನೂ ಹುಡುಕಿ. ಸಿಗದಿದ್ದರೆ ಕಾಲೇಜಿನವರು ಅನುಮೋದನೆಯ ಪತ್ರ ತೋರಿಸುವವರೆಗೆ ಹಣ ಕಟ್ಟಬೇಡಿ.