ಸುಪ್ಪಂಡಿ ಬಟಾಣಿ ಬಿಡಿಸಿದ್ದು

ಹೋದ ವಿಡಿಯೋದಲ್ಲಿ ಹಳೇ ಟಿಂಕಲ್ ಸಂಚಿಕೆಗಳ ಒಂದು ಕಟ್ಟು ತೋರಿಸಿದ್ದೆ. ಪುಣೆಯ ಅಪ್ಪಾ ಬಲವಂತ ಚೌಕದಲ್ಲಿ ಸಿಕ್ಕಿದ್ದು. ಯಾರೋ ಪುಣ್ಯಾತ್ಮರು ಹತ್ತಾರು ಸಂಚಿಕೆ ಸೇರಿಸಿ, ರಟ್ಟು ಹಾಕಿ ಹೊಲಿಸಿದ್ದಾರೆ. ಇವತ್ತು ಅದನ್ನ ಮನೆಯಲ್ಲಿ ಓದಿ ಹೇಳುವಾಗ ನನಗೆ ಗೊತ್ತಾದ ಒಂದು ಸಂಗತಿ ಹೇಳ್ತೀನಿ.

ನನ್ನ ಮಗಳಿಗೆ ಆರು ವರ್ಷ. ನಾವು ಕನ್ನಡದಲ್ಲಿ ಕೇಳಿದ್ರೆ ಅವಳ ಉತ್ತರ ಮರಾಠಿಯಲ್ಲಿ. ಶಾಲೆ, ಗೆಳತಿಯರು, ಕೆಳಗಿನ ಮನೆ ಆಜಿ, ಎಲ್ಲಾ ಮರಾಠಿ. ಅರ್ಥ ಆಗುತ್ತೆ, ಆದ್ರೆ ಬಾಯಿಗೆ ಬರಲ್ಲ. ರಾತ್ರಿ ಕಥೆ ಹೇಳೋ ಹದಿನೈದು ನಿಮಿಷ ಮಾತ್ರ ನನ್ನ ಪಾಲಿನ ಕನ್ನಡದ ಸಮಯ. ಪುಸ್ತಕ ಇಂಗ್ಲಿಷಿನದು, ನಾನು ಓದೋದು ಕನ್ನಡದಲ್ಲಿ.

ಹೀಗೆ ಮಾಡಿದವರಲ್ಲಿ ನಾನೇ ಮೊದಲಿಗ ಅಲ್ಲ. ಟಿಂಕಲ್ ಶುರುವಾಗಿದ್ದು 1980ರ ನವೆಂಬರಿನಲ್ಲಿ, ಸಂಪಾದಕರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಅದಕ್ಕೂ ಮೊದಲು ಅವರ ಹೆಸರಿನ ಜೊತೆ ಅಂಟಿಕೊಂಡಿದ್ದ ಅಮರ ಚಿತ್ರ ಕಥೆ ಇದೆಯಲ್ಲ, ಅದರ ಮೊದಲ ಹತ್ತು ಪುಸ್ತಕಗಳು ಕನ್ನಡದವು! 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಮುಂದೆ ನಿಂತು ವಿದೇಶೀ ಮಕ್ಕಳ ಕಥೆಗಳನ್ನ ಕನ್ನಡಕ್ಕೆ ತರಿಸಿದ್ದರು. ಇಂಗ್ಲಿಷಿನ ಸಾಲು ಶುರುವಾಗೋದೇ ಹನ್ನೊಂದನೇ ನಂಬರಿನಿಂದ, ‘ಕೃಷ್ಣ’ದಿಂದ. ಈ ವಿಷಯ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ.

ಇನ್ನು ಟಿಂಕಲ್ ಒಳಗೆ ಬನ್ನಿ. ಒಂದೇ ಸಂಚಿಕೆಯಲ್ಲಿ ಸಾಹಸ, ಹಾಸ್ಯ, ಜಾನಪದ ಕಥೆ, ವಿಜ್ಞಾನ, ಎಲ್ಲಾ ಮಿಸಳ್ ಥರ ಕಲಸಿರುತ್ತೆ. ಓದಿ ಹೇಳುವಾಗ ನಾನು ಗಮನಿಸಿದ್ದು ಇದು: ಸಾಹಸಕ್ಕೆ ಅನುವಾದವೇ ಬೇಕಾಗಲ್ಲ. ಕಾಲಿಯಾ ಕಾಗೆಯ ಕಥೆ ತೊಗೊಳ್ಳಿ. ಚಮಟಕ ನರಿಯೂ ಡೂಬ್‌ಡೂಬ್ ಮೊಸಳೆಯೂ ಮೊಲಗಳಿಗೆ ಹೊಂಚು ಹಾಕಿರೋದು ಚಿತ್ರದಲ್ಲೇ ಕಾಣುತ್ತೆ. ನಾನು ಬಾಯಿ ತೆಗೆಯೋ ಮೊದಲೇ ಮಗಳು ಪುಟ ತಿರುಗಿಸಿರ್ತಾಳೆ.

ಶಿಕಾರಿ ಶಂಭು ಇನ್ನೂ ಮಜಾ. 1983ರಲ್ಲಿ ಲೂಯಿಸ್ ಫರ್ನಾಂಡಿಸ್ ಹುಟ್ಟುಹಾಕಿದ, ವಸಂತ ಹಳ್ಬೆ ಬರೆದ ಪಾತ್ರ. ತೇಜಸ್ವಿಯವರು ಕೆನೆತ್ ಆಂಡರ್ಸನ್ ಕಥೆಗಳನ್ನ ಕನ್ನಡಕ್ಕೆ ತಂದ ‘ಬೆಳ್ಳಂದೂರಿನ ನರಭಕ್ಷಕ’ ಓದಿದವರಿಗೆ ಬೇಟೆಗಾರ ಅಂದ್ರೆ ರಾತ್ರಿಯಿಡೀ ಉಸಿರು ಬಿಗಿಹಿಡಿದು ಕೂರೋ ಮನುಷ್ಯ. ಶಂಭು ಅದನ್ನ ಪೂರ್ತಿ ತಲೆಕೆಳಗು ಮಾಡಿದವನು. ಹುಲಿ ಅಂದ್ರೆ ನಡುಕ, ಹೆಂಡತಿ ಶಾಂತಿ ಅಂದ್ರೂ ನಡುಕ. ಮರದಿಂದ ಕಾಲು ಜಾರಿ ಬಿದ್ದರೆ ಅದು ಹುಲಿಯ ಮೇಲೇ, ಊರವರ ಕಣ್ಣಿಗೆ ಅವನೇ ಶೂರ. ಊರವರಿಗೆ ಗೊತ್ತಿಲ್ಲದ್ದು ಓದುಗರಿಗೆ ಗೊತ್ತು, ಅಷ್ಟೇ ಜೋಕು. ಟೋಪಿ ಅವನ ಕಣ್ಣು ಮುಚ್ಚಿರುತ್ತೆ, ಆದ್ರೂ ಭಯ ಮೊಣಕಾಲಲ್ಲಿ ಕಾಣುತ್ತೆ. ಕನ್ನಡದಲ್ಲಿ ನಾನು ಸೇರಿಸೋದು ಒಂದೇ ಮಾತು: “ಅಯ್ಯಯ್ಯೋ!”

ಕಷ್ಟ ಇರೋದು ಸುಪ್ಪಂಡಿ ಹತ್ತಿರ. ಇವನೂ 1983ರವನು. ತಿರುಚ್ಚಿಯ ಓದುಗರೊಬ್ಬರು ಕಳಿಸಿದ ಕಥೆಗಳಿಂದ ಹುಟ್ಟಿದವನು, ಚಿತ್ರ ರಾಮ್ ವಾಯಿರ್ಕರ್ ಅವರದು. ಆ ‘ಕೃಷ್ಣ’ಕ್ಕೆ ಚಿತ್ರ ಬರೆದ ಕೈಯೂ ಅದೇ. ಸುಪ್ಪಂಡಿ ದಡ್ಡ ಅಂತಾರೆ, ನಾನು ಒಪ್ಪಲ್ಲ. ಕೋಡ್ ಬರೆಯೋರಿಗೆ ಇವನು ಚೆನ್ನಾಗಿ ಗೊತ್ತು: ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಹೇಳದೇ ಬಿಟ್ಟಿದ್ದನ್ನ ಊಹಿಸಲ್ಲ. “ಹಾಲು ಉಕ್ಕುತ್ತಾ ನೋಡ್ತಿರು” ಅಂದ್ರೆ ಉಕ್ಕೋದನ್ನ ನೋಡ್ತಾ ನಿಂತಿರೋ ಜಾತಿ. ತಪ್ಪು ಹೇಳಿದವರದ್ದು.

ಇಂಥ ಹಾಸ್ಯ ಒಂದು ಪದದ ಎರಡು ಅರ್ಥದ ಮೇಲೆ ನಿಂತಿರುತ್ತೆ. ಇಂಗ್ಲಿಷಿನಲ್ಲಿ ‘ಡ್ರಾ’ ಅಂದ್ರೆ ಪರದೆ ಎಳೆಯೋದೂ ಹೌದು, ಚಿತ್ರ ಬರೆಯೋದೂ ಹೌದು. ಈ ಪದದ ಮೇಲೆ ಕಟ್ಟಿದ ಜೋಕನ್ನ ಕನ್ನಡಕ್ಕೆ ತಂದ್ರೆ ಸತ್ತೇ ಹೋಗುತ್ತೆ. ವಿವರಿಸೋಕೆ ಹೋದೆ, ಮಗಳು ಆಕಳಿಸಿದಳು.

ಆಮೇಲೆ ಹೊಳೀತು, ನಮ್ಮಲ್ಲಿ ‘ಬಿಡಿಸು’ ಇದೆಯಲ್ಲ! ಚಿತ್ರ ಬಿಡಿಸ್ತೀವಿ, ಹೂ ಬಿಡಿಸ್ತೀವಿ, ಬಟಾಣಿ ಬಿಡಿಸ್ತೀವಿ, ಲೆಕ್ಕ ಬಿಡಿಸ್ತೀವಿ, ಜಗಳವನ್ನೂ ಬಿಡಿಸ್ತೀವಿ. ಹಾಗಾಗಿ ನಮ್ಮನೆ ಸುಪ್ಪಂಡಿಗೆ ಯಜಮಾನ್ರು “ಬಟಾಣಿ ಬಿಡಿಸು” ಅಂದಾಗ ಅವನು ಪೆನ್ಸಿಲ್ ಹುಡುಕಿಕೊಂಡು ಹೋದ. ಪುಸ್ತಕದಲ್ಲಿ ಇಲ್ಲದ ಕಥೆ ಇದು. ಮಗಳು ಬಿದ್ದು ಬಿದ್ದು ನಕ್ಕಳು. ಮರಾಠಿಯಲ್ಲಿ ಬಟಾಣಿ ಬಿಡಿಸೋಕೆ ‘ಸೋಲಣೆ’, ಚಿತ್ರ ಬಿಡಿಸೋಕೆ ‘ಕಾಢಣೆ’. ಅಲ್ಲಿ ಈ ಜೋಕು ಹುಟ್ಟೋದೇ ಇಲ್ಲ. ನಗಬೇಕಾದ್ರೆ ಅವಳು ಕನ್ನಡಕ್ಕೇ ಬರಬೇಕಿತ್ತು, ಬಂದಳು.

ಮೊನ್ನೆ ಅಡುಗೆಮನೆಯಿಂದ “ಲೆಕ್ಕ ಬಿಡಿಸಿದ್ಯಾ?” ಅಂತ ಕೂಗಿದೆ. ಪುಸ್ತಕ ತಂದು ತೋರಿಸಿದಳು. ಏಳಕ್ಕೂ ಐದಕ್ಕೂ ಕೈಕಾಲು, ಮೇಲೆ ಕಣ್ಣು ಮುಚ್ಚೋ ಟೋಪಿ. “ಬಿಡ್ಸಿದೀನಲ್ಲ ಅಪ್ಪ” ಅಂದಳು, ಕನ್ನಡದಲ್ಲಿ. ಉತ್ತರದ ಜಾಗ ಖಾಲಿ ಇತ್ತು.