ಹಳೆಯ ಕರ್ನೆಲಿಗೆ ಹೊಸ ತೇಪೆ

ಗಣಕಯಂತ್ರದ ವ್ಯವಸ್ಥೆಯೊಂದರಲ್ಲಿ ದೋಷವು ಪತ್ತೆಯಾಗಿ, ಅದನ್ನು ನೀಗುವ ತಿದ್ದುಪಡಿಯೂ ಸಿದ್ಧವಾಯಿತೆಂದರೆ ಕೆಲಸ ಮುಗಿಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ತಿದ್ದುಪಡಿಯು ಮೊದಲು ಸಿದ್ಧವಾಗುವುದು ಹೊಸ ಆವೃತ್ತಿಗೆ. ಎಷ್ಟೋ ಯಂತ್ರಗಳು ಓಡುತ್ತಿರುವುದು ಹಳೆಯ ಆವೃತ್ತಿಗಳ ಮೇಲೆ. ಹೊಸದರ ತಿದ್ದುಪಡಿಯನ್ನು ಹಳೆಯದಕ್ಕೆ ಒಯ್ದು ಕೂಡಿಸುವ ಕಾರ್ಯಕ್ಕೆ ಬ್ಯಾಕ್‌ಪೋರ್ಟ್ ಎಂದು ಹೆಸರು. 2021ರಲ್ಲಿ ಲಿನಕ್ಸ್ ಕರ್ನೆಲಿನಲ್ಲಿ ನಡೆದ ಇಂತಹ ಒಂದು ಪ್ರಸಂಗವನ್ನು ಇಲ್ಲಿ ಪರಿಶೀಲಿಸೋಣ.

ಕರ್ನೆಲ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳು. ಸಾಮಾನ್ಯ ಪ್ರೋಗ್ರಾಮೊಂದು ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಕರ್ನೆಲ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲುತ್ತದೆ. ವಿ.ಪಿ.ಎನ್. ಎಂಬುದಾದರೋ ಸಾರ್ವಜನಿಕ ಜಾಲದೊಳಗೆ ಕೊರೆದ ಖಾಸಗಿ ಸುರಂಗ. ನಮ್ಮ ಪ್ಯಾಕೆಟನ್ನು ಗೂಢಲಿಪಿಗೆ ತಿರುಗಿಸಿ ಮತ್ತೊಂದು ಪ್ಯಾಕೆಟಿನೊಳಗೆ ಇಟ್ಟು ಕಳುಹಿಸುವುದು ಅದರ ಕೆಲಸ, ಲಕೋಟೆಯೊಳಗೆ ಲಕೋಟೆಯಿದ್ದಂತೆ. ಜೇಸನ್ ಡೋನೆನ್‌ಫೆಲ್ಡ್ ಎಂಬವರು ರಚಿಸಿದ ವೈರ್‌ಗಾರ್ಡ್ ಎಂಬ ವಿ.ಪಿ.ಎನ್. ಡ್ರೈವರು 2020ರ ಮಾರ್ಚಿಯಲ್ಲಿ ಹೊರಬಂದ 5.6ನೆಯ ಆವೃತ್ತಿಯಲ್ಲಿ ಕರ್ನೆಲಿನ ಅಂಗವಾಯಿತು.

ಸುರಂಗಕ್ಕೆ ಬಂದ ಪ್ಯಾಕೆಟಿನ ವಿಳಾಸಕ್ಕೆ ಆಚೆಯ ತುದಿಯಲ್ಲಿ ಯಾರೂ ಇಲ್ಲದಿದ್ದರೆ, ಡ್ರೈವರು ಸುಮ್ಮನೆ ಅದನ್ನು ಬಿಸಾಡುವುದಿಲ್ಲ. 'ಗುರಿ ತಲುಪಲಾಗದು' ಎಂಬ ಐ.ಸಿ.ಎಂ.ಪಿ. ಸಂದೇಶವನ್ನು ಕಳುಹಿಸಿದವನಿಗೆ ಮರಳಿಸುತ್ತದೆ. ಈ ಸಂದೇಶವನ್ನು ಬರೆದುಕೊಡುವ ಕೆಲಸ ಕರ್ನೆಲಿನ ಒಂದು ಸಾಮಾನ್ಯ ಫಂಕ್ಷನ್ನಿನದು. ದೋಷವು ಅಡಗಿದ್ದುದು ಇಲ್ಲಿಯೇ.

ಕರ್ನೆಲಿನೊಳಗೆ ಪ್ರತಿಯೊಂದು ಪ್ಯಾಕೆಟಿನ ಜೊತೆಗೂ 48 ಬೈಟುಗಳ ಟಿಪ್ಪಣಿಯ ಜಾಗವಿರುತ್ತದೆ. ಅದನ್ನು ಶಾಲೆಯ ಸ್ಲೇಟೆಂದು ತಿಳಿಯಿರಿ. ಪ್ಯಾಕೆಟು ಒಂದು ಸ್ತರದಿಂದ ಇನ್ನೊಂದಕ್ಕೆ ಇಳಿಯುತ್ತಿರುವಾಗ ಆಯಾ ಸ್ತರವು ಹಿಂದಿನವರ ಬರಹವನ್ನು ಲೆಕ್ಕಿಸದೆ ಅದರ ಮೇಲೆ ತನ್ನದನ್ನು ಬರೆಯಬಹುದು. ಐ.ಪಿ. ಸ್ತರವು ಅದರಲ್ಲಿ ಬರೆಯುವುದು, ಪ್ಯಾಕೆಟಿನ ಶಿರೋಭಾಗದಲ್ಲಿರುವ ವಿಶೇಷ ಸೂಚನೆಗಳು ಎಲ್ಲಿವೆಯೆಂಬುದನ್ನು. ಐ.ಸಿ.ಎಂ.ಪಿ. ಫಂಕ್ಷನ್ನು ಪ್ಯಾಕೆಟು ನೇರವಾಗಿ ಐ.ಪಿ. ಸ್ತರದಿಂದಲೇ ಬಂದಿದೆಯೆಂದು ನಂಬಿ ಸ್ಲೇಟನ್ನು ಓದುತ್ತಿತ್ತು. ಆದರೆ ಡ್ರೈವರನ್ನು ತಲುಪುವ ವೇಳೆಗೆ ಅದರ ಮೇಲೆ ಬೇರೆಯವರ ಲೆಕ್ಕವಿರಬಹುದು! ಹೀಗೆ ಓದಿದ ಅಸಂಬದ್ಧ ಸಂಖ್ಯೆಯೊಂದು ಸೂಚನೆಗಳ ಸ್ಥಳವೆಂದು ಪರಿಗಣಿತವಾಗಿ, ಅಲ್ಲಿರುವ ಒಂದು ಬೈಟು ಅವುಗಳ ಉದ್ದವೆಂದು ಗ್ರಹಿಸಲ್ಪಡುತ್ತದೆ. ಐ.ಪಿ. ಸೂಚನೆಗಳ ಗರಿಷ್ಠ ಉದ್ದ 40 ಬೈಟು. ಆದುದರಿಂದ ಸ್ಟ್ಯಾಕಿನಲ್ಲಿ ಕಾದಿರಿಸಿದ ಸ್ಥಳವೂ ಅಷ್ಟೇ. ಒಂದು ಬೈಟಿನಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆಯಾದರೋ 255. ನಲವತ್ತರ ಪಾತ್ರೆಗೆ ಅಷ್ಟನ್ನು ಸುರಿದರೆ ನೆರೆಯ ಸ್ಮೃತಿಯೆಲ್ಲ ಕೆಡುತ್ತದೆ. ಇಂತಹ ಅನಾಹುತವನ್ನು ಗುರುತಿಸಲು ಸ್ಟ್ಯಾಕಿನಲ್ಲಿ ಒಂದು ಗುಪ್ತ ಸಂಖ್ಯೆಯನ್ನು ಕಾವಲಿಗೆ ಇರಿಸಿರುತ್ತಾರೆ. ಅದು ಬದಲಾಗಿರುವುದನ್ನು ಕಂಡೊಡನೆ ಕರ್ನೆಲ್ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಬಳಕೆದಾರನೊಬ್ಬನ ಯಂತ್ರವು ಹೀಗೆ ನಿಂತುದರಿಂದಲೇ ದೋಷವು ಬೆಳಕಿಗೆ ಬಂದಿತು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಸರಳ ಲೋಲಕದ ಆವರ್ತಕಾಲದ ಸೂತ್ರವು ಸಣ್ಣ ಕೋನಗಳಿಗೆ ಮಾತ್ರ ಸಲ್ಲುತ್ತದೆ. ದೊಡ್ಡ ಕೋನಕ್ಕೆ ಹಚ್ಚಿದರೆ ಸೂತ್ರವು ಪ್ರತಿಭಟಿಸುವುದಿಲ್ಲ, ತಪ್ಪು ಉತ್ತರವನ್ನು ಕೊಡುತ್ತದೆ ಅಷ್ಟೆ.

2021ರ ಫೆಬ್ರುವರಿಯಲ್ಲಿ ಡೋನೆನ್‌ಫೆಲ್ಡರು ಮಾಡಿದ ತಿದ್ದುಪಡಿಯ ಹುರುಳು ಬಹು ಸರಳ. ಡ್ರೈವರುಗಳಿಗೆಂದೇ ಇರುವ ಸಹಾಯಕ ಫಂಕ್ಷನ್ನೊಂದು ಇನ್ನು ಮುಂದೆ ಸ್ಲೇಟನ್ನು ನೋಡುವುದೇ ಇಲ್ಲ. ಸೂಚನೆಗಳು ಇಲ್ಲವೆಂದು ತಿಳಿಸುವ, ಸೊನ್ನೆಗಳಿಂದ ತುಂಬಿದ ಪಟ್ಟಿಯನ್ನು ತಾನೇ ಒದಗಿಸುತ್ತದೆ.

ಇದನ್ನು ಹಳೆಯ ಆವೃತ್ತಿಗೆ ಒಯ್ಯುವುದರಲ್ಲಿ ಕಷ್ಟವೇನು? ಆ ಸಹಾಯಕ ಫಂಕ್ಷನ್ನು ಹುಟ್ಟಿದುದೇ 5.6ರಲ್ಲಿ, ಅದೂ ವಿಳಾಸಗಳ ಮಾರ್ಪಾಟಿಗೆ ಸಂಬಂಧಿಸಿದ ಬೇರೊಂದು ಉದ್ದೇಶಕ್ಕಾಗಿ. 2018ರ 4.19ರಲ್ಲಿ ಅದು ಇರಲೇ ಇಲ್ಲ. ಚಿಲಕವನ್ನು ತಂದಾಯಿತು, ಆದರೆ ಬಾಗಿಲೇ ಇಲ್ಲ! 4.19ರಲ್ಲಿ ವೈರ್‌ಗಾರ್ಡ್ ಕೂಡ ಇರಲಿಲ್ಲ ಎಂಬುದು ನಿಜ. ಆದರೆ ಐಪಿಸೆಕ್ ಸುರಂಗಗಳಿಗೆ ಬಳಕೆಯಾಗುವ ಎಕ್ಸ್‌ಎಫ್‌ಆರ್‌ಎಂ ಇಂಟರ್‌ಫೇಸ್ ಎಂಬ ಡ್ರೈವರಿತ್ತು. ಪ್ಯಾಕೆಟು ದೊಡ್ಡದಾಯಿತೆಂದು ತಿಳಿಸುವಾಗ ಅದೂ ಇದೇ ಬಗೆಯ ಸಂದೇಶವನ್ನು ಕಳುಹಿಸುತ್ತಿತ್ತು. ತಿದ್ದುಪಡಿಯಲ್ಲೇ ನಮೂದಿಸಿರುವಂತೆ, ದೋಷದ ಮೂಲವು ಮತ್ತೊಂದು ಡ್ರೈವರಿನಲ್ಲಿ 2014ರಲ್ಲಿ ಆದ ಬದಲಾವಣೆಯವರೆಗೂ ಹೋಗುತ್ತದೆ. ಆದುದರಿಂದ ಮೊದಲು ಸಹಾಯಕ ಫಂಕ್ಷನ್ನನ್ನು ಒಯ್ಯಬೇಕಾಯಿತು. ಅದರಲ್ಲಿ ಆಮೇಲೆ ಕಂಡಿದ್ದ ಸಣ್ಣ ದೋಷದ ತಿದ್ದುಪಡಿಯನ್ನೂ ಒಯ್ಯಬೇಕಾಯಿತು. ಬಳಿಕ ಡ್ರೈವರುಗಳು ಅದನ್ನೇ ಕರೆಯುವಂತೆ ಬದಲಿಸಿ, ಕಟ್ಟಕಡೆಗೆ ನಿಜವಾದ ತೇಪೆಯನ್ನು ಹಾಕಬೇಕಾಯಿತು.

ಹಳೆಯ ಪಠ್ಯಕ್ಕೆ ತೇಪೆಯು ಹೊಂದದಿದ್ದರೆ ಗಿಟ್ ಎಂಬ ಸಾಧನವು ಕೂಡಲೇ ತಕರಾರೆತ್ತಿ ನಿಲ್ಲುತ್ತದೆ. ಅದು ಒಳ್ಳೆಯದೇ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಅಪಾಯಕರವಾದುದು, ತಕರಾರಿಲ್ಲದೆ ಹೊಂದಿಕೊಂಡುಬಿಡುವ ತೇಪೆ. ಸಾಲುಗಳು ಅಕ್ಷರಶಃ ಕೂಡಿಕೊಂಡರೂ ಅವು ನೆಚ್ಚಿರುವ ಬೀಗವಾಗಲಿ ಕರೆಯ ಕ್ರಮವಾಗಲಿ ಹಳೆಯದರಲ್ಲಿ ಬೇರೆಯಾಗಿರಬಹುದು. ಅದನ್ನು ಯಾವ ಸಾಧನವೂ ಹೇಳದು. ಓದಿ ತಿಳಿಯಬೇಕು, ಓಡಿಸಿ ನೋಡಬೇಕು.

ಈ ಕೆಲಸಕ್ಕೆ ಲಿನಕ್ಸಿನವರು ಕೆಲವು ಕಟ್ಟುಪಾಡುಗಳನ್ನು ಇಟ್ಟುಕೊಂಡಿದ್ದಾರೆ. ತೇಪೆಯು ಸುತ್ತಲಿನ ಸಾಲುಗಳೂ ಸೇರಿ 100 ಸಾಲುಗಳನ್ನು ಮೀರಬಾರದು, ಪರೀಕ್ಷಿತವಾಗಿರಬೇಕು, ಇತ್ಯಾದಿ. ಇವುಗಳಲ್ಲಿ ಮುಖ್ಯವಾದುದು, ಲೀನಸ್ ಟೋರ್ವಾಲ್ಡ್ಸರ ಮುಖ್ಯ ಶಾಖೆಯನ್ನು ಸೇರಿದ ತಿದ್ದುಪಡಿಯೇ ಹಳೆಯದಕ್ಕೆ ಹೋಗಬೇಕೆಂಬುದು. ಹಳೆಯದನ್ನು ಮಾತ್ರ ತಿದ್ದಿ ಹೊಸದನ್ನು ಬಿಟ್ಟರೆ, ಬಳಕೆದಾರನು ಮುಂದೊಮ್ಮೆ ಹೊಸ ಆವೃತ್ತಿಗೆ ಏರಿದಾಗ ಕಳೆದುಹೋಗಿದ್ದ ದೋಷವು ಮತ್ತೆ ಎದುರಾಗುತ್ತದೆಯಷ್ಟೆ.

ಹಾಗಿದ್ದರೆ ಎಲ್ಲರೂ ಹೊಸ ಆವೃತ್ತಿಗೇ ಏರಬಾರದೇಕೆ ಎಂದು ವಾಚಕರು ಕೇಳಬಹುದು. ರೌಟರು, ಫೋನು ಮೊದಲಾದವುಗಳಲ್ಲಿ ತಯಾರಕರು ತಮ್ಮ ಯಂತ್ರಾಂಶಕ್ಕೆ ಬೇಕಾದ ಡ್ರೈವರುಗಳನ್ನು ಒಂದೇ ಆವೃತ್ತಿಗೆ ಬರೆದು ಕೈತೊಳೆದುಕೊಳ್ಳುವುದುಂಟು. ಕರ್ನೆಲ್ ಬದಲಾದರೆ ಆ ಡ್ರೈವರುಗಳು ಓಡುವುದಿಲ್ಲ. ಅಂತಹ ಪೆಟ್ಟಿಗೆಯ ಹಿಂದೆ ಒಂದು ಮನೆಯ ಅಥವಾ ಕಚೇರಿಯ ಗೋಪ್ಯ ವ್ಯವಹಾರವೆಲ್ಲ ನಡೆಯುತ್ತಿರುತ್ತದೆ. 4.19ಕ್ಕೆ ಕರ್ನೆಲಿನ ನಿರ್ವಾಹಕರು ತೇಪೆ ಹಾಕುವುದನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ಆ ಆವೃತ್ತಿಯನ್ನೇ ಓಡಿಸುತ್ತಿರುವವರು ಇನ್ನು ತಯಾರಕರನ್ನು ನಂಬಬೇಕು. ಇಲ್ಲವೇ ಬಾಗಿಲು, ಚಿಲಕ ಎರಡನ್ನೂ ತಾವೇ ಕೂರಿಸಿಕೊಳ್ಳಬೇಕು.