ಅಚ್ಚು ಮುರಿಯುವ ಮುನ್ನ

ಬೆಳಗಿನ ಕಾಫಿಗೆ ಸಕ್ಕರೆ ಬೆರೆಸುವಾಗ ಕಬ್ಬಿನ ಗದ್ದೆ ನೆನಪಾಗುವುದುಂಟು. ಆದರೆ ಗದ್ದೆಯಿಂದ ಕಾರ್ಖಾನೆಯವರೆಗೆ ಆ ಹೊರೆಯನ್ನು ಹೊತ್ತುತಂದ ಲಾರಿಯ ಹಿಂದಿನ ಅಚ್ಚನ್ನು ಯಾರು ನೆನೆದಾರು? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಲಾರಿಯನ್ನು ನಂಬಿ ಬಾಳುವ ಸಂಸಾರಗಳುಂಟು. ಅಂಥ ಮನೆಯಲ್ಲಿ ‘ಡಿಫರೆನ್ಷಿಯಲ್ ಹೋಯಿತು’ ಎಂಬ ಮಾತು ಕೇಳಿಬಂದರೆ, ಬ್ಯಾಂಕಿನ ಕಂತಿನಿಂದ ಹಿಡಿದು ಮಗಳ ಕಾಲೇಜಿನ ಶುಲ್ಕದವರೆಗೆ ಎಲ್ಲವೂ ಅಲುಗಾಡತೊಡಗುತ್ತದೆ. ಯಾವುದನ್ನು ಹೊಸದಾಗಿ ಕೊಳ್ಳಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಎಂಬ ವಿವೇಚನೆಯ ಮೇಲೆ ಆ ಮನೆಯ ಅನ್ನವೂ ದಾರಿಹೋಕರ ಪ್ರಾಣವೂ ನಿಂತಿರುತ್ತವೆ.

ಎರಡು ಚಕ್ರ, ಎರಡು ವೇಗ

ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಮೆ. ಎತ್ತಿನ ಗಾಡಿಗೆ ಇದೊಂದು ತೊಡಕೇ ಅಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಂತಮ್ಮ ಪಾಡಿಗೆ ಉರುಳುತ್ತವೆ. ಲಾರಿಯಲ್ಲಾದರೋ ಒಂದೇ ಎಂಜಿನ್ನು ಎರಡೂ ಕಡೆಯ ಚಕ್ರಗಳನ್ನು ತಿರುಗಿಸಬೇಕು. ಈ ತೊಡಕಿಗೆ ಪರಿಹಾರವಾಗಿ, ಫ್ರಾನ್ಸಿನ ಗಡಿಯಾರ ತಜ್ಞ ಒನೆಸಿಫೋರ್ ಪೆಕ್ಕರ್ ಎಂಬಾತ 1827ರ ಸುಮಾರಿನಲ್ಲಿ ಉಗಿಬಂಡಿಗಾಗಿ ಡಿಫರೆನ್ಷಿಯಲ್ಲನ್ನು ರೂಪಿಸಿದನು. ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದುದರಿಂದ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಹಿರೋಡೆಯೇ ಇಂದಿನ ಪಾಂಡವಪುರ. ಫ್ರೆಂಚರ ಹೆಸರು ಅಳಿದ ಊರಿನಲ್ಲಿ ಫ್ರೆಂಚನೊಬ್ಬನ ಯುಕ್ತಿ ಮಾತ್ರ ದಿನವೂ ಉರುಳುತ್ತಿದೆ!

ಎಂಜಿನ್ನಿನಿಂದ ಬಂದ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಪೆಟ್ಟಿಗೆಯೊಳಗೆ ಶಿಲುಬೆಯಾಕಾರದ ಕ್ರಾಸ್, ಅದರ ಮೇಲೆ ನಾಲ್ಕು ಸಣ್ಣ ಹಲ್ಲುಚಕ್ರಗಳು, ಅವುಗಳಿಗೆ ಕಚ್ಚಿಕೊಂಡ ಎರಡು ಪಕ್ಕದ ಚಕ್ರಗಳು. ಅಲ್ಲಿಂದ ಎಡಕ್ಕೂ ಬಲಕ್ಕೂ ಆಕ್ಸಲ್ ಶಾಫ್ಟುಗಳು ಹೊರಡುತ್ತವೆ.

ನೆಲ ತರುವ ರೋಗ

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ತುಂಬಿದ ಲಾರಿಯ ಒಂದು ಬದಿಯ ಚಕ್ರ ಕೆಸರಿಗಿಳಿಯಿತೆನ್ನಿ. ಇನ್ನೊಂದು ಬದಿ ಕದಲದು. ಕೆಸರಿನದು ಮಾತ್ರ ಕ್ರೌನಿನ ಎರಡರಷ್ಟು ವೇಗದಲ್ಲಿ ಸುತ್ತುತ್ತದೆ. ಚಾಲಕ ಹಟ ಹಿಡಿದು ಎಂಜಿನ್ನನ್ನು ಅಬ್ಬರಿಸಿದಷ್ಟೂ ಕ್ರಾಸಿನ ಮೇಲಿನ ಎಣ್ಣೆ ಆರಿ ಲೋಹ ಲೋಹವನ್ನು ಕೆರೆಯುತ್ತದೆ. ನಾಗಮಂಗಲದ ಕಡೆಯ ಒಣನೆಲದ ಕಲ್ಲುದಾರಿಯಲ್ಲಿ ರೋಗ ಬೇರೆ. ಹೊರೆ ಹೊತ್ತು ಗುಂಡಿಯಿಂದ ಮೇಲೇಳುವ ಪ್ರತಿ ಜಗ್ಗಾಟವೂ ಶಾಫ್ಟನ್ನು ಹಿಂಡುತ್ತದೆ. ಅದರ ತುದಿಯ ಗೀರುಹಲ್ಲುಗಳು ತಿರುಚಿಕೊಂಡು ಒಂದು ದಿನ ‘ಫಟ್’ ಎನ್ನುತ್ತವೆ.

ಕಿವಿಯೇ ಮೊದಲ ವೈದ್ಯ. ಹೊರೆ ಎಳೆಯುವಾಗ ಊಳಿಡುವ ಸದ್ದು ಬಂದರೆ ಕ್ರೌನ್-ಪಿನಿಯನ್ನುಗಳ ಮೇಲೂ ಪಿನಿಯನ್ನಿನ ಬೇರಿಂಗುಗಳ ಮೇಲೂ ಅನುಮಾನ. ತಿರುವಿನಲ್ಲಿ ಮಾತ್ರ ಸದ್ದಾದರೆ ಒಳಗಿನ ಸಣ್ಣ ಚಕ್ರಗಳ ಮೇಲೆ. ಎರಡನೆಯ ವೈದ್ಯ ಎಣ್ಣೆ. ಬಸಿದ ಎಣ್ಣೆಯಲ್ಲಿ ಬೂದುಬಣ್ಣದ ನುಣ್ಣನೆಯ ಲೇಪ ಕಂಡರೆ ಅದು ಸವೆತದ ಸಹಜ ಲಕ್ಷಣ. ಬೆರಳಿಗೆ ಚೂರುಗಳು ತಗುಲಿದರೆ ಬಿಚ್ಚದೆ ವಿಧಿಯಿಲ್ಲ.

ಜೋಡಿಯನ್ನು ಅಗಲಿಸಬಾರದು

ಕ್ರೌನ್ ಮತ್ತು ಪಿನಿಯನ್ ಹುಟ್ಟಿನಿಂದಲೇ ದಂಪತಿಗಳು. ಕಾರ್ಖಾನೆಯಲ್ಲಿ ಒಂದರೊಡನೊಂದನ್ನು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಜೋಡಿಸಂಖ್ಯೆ ಕೊರೆದಿರುತ್ತಾರೆ. ಪಿನಿಯನ್ ಮಾತ್ರ ಕೆಟ್ಟಿತೆಂದು ಅದೊಂದನ್ನೇ ತಂದು ಕೂಡಿಸಿದರೆ ಆ ಸಂಸಾರ ಬಹುಕಾಲ ನಡೆಯದು.

ಹಲ್ಲುಗಳ ಲೆಕ್ಕವನ್ನೂ ಮರೆಯಬಾರದು. ಕ್ರೌನಿಗೆ 41, ಪಿನಿಯನ್ನಿಗೆ 6 ಹಲ್ಲುಗಳಿದ್ದರೆ ಅನುಪಾತ 6.83, ಪಿನಿಯನ್ನಿಗೆ 7 ಇದ್ದರೆ 5.86. ಮೊದಲನೆಯದು ಕೆಸರುಗದ್ದೆಯಿಂದ, ಮೇಲುಕೋಟೆಯ ಏರಿನಿಂದ ಹೊರೆಯನ್ನು ಸಲೀಸಾಗಿ ಎಳೆದೀತು. ಎರಡನೆಯದು 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಲ್ಲಿ ಕಡಮೆ ಡೀಸೆಲಿಗೆ ಓಡೀತು. ಎರಡನ್ನೂ ಒಂದರಲ್ಲೇ ಬಯಸುವಂತಿಲ್ಲ. ಹಿಂದೆ ಎರಡು ಚಾಲಕ ಅಚ್ಚುಗಳಿರುವ ಲಾರಿಯಾದರೆ ಎರಡರ ಅನುಪಾತವೂ ಒಂದೇ ಆಗಿರಲೇಬೇಕು.

ಹಳೆಯದು ಯಾವುದು, ಹೊಸದು ಯಾವುದು?

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳಿಗೆ ಬರವಿಲ್ಲ. ಗುಜರಿಯಲ್ಲೂ ಹಳೆಯ ಸರಕು ಸಿಗುತ್ತದೆ. ಬಿರುಕಿಲ್ಲದ, ಬಾಗಿಲ್ಲದ ಅಚ್ಚಿನ ಕವಚವನ್ನೂ ಡಿಫರೆನ್ಷಿಯಲ್ಲಿನ ಪೆಟ್ಟಿಗೆಯನ್ನೂ ಹಳೆಯದೇ ಕೊಳ್ಳಬಹುದು. ಜೋಡಿ ಸಂಖ್ಯೆ ಕೂಡಿದ, ಹಲ್ಲು ಸಿಡಿಯದ ಕ್ರೌನ್-ಪಿನಿಯನ್ನನ್ನೂ ನೋಡಬಹುದು. ಆದರೆ ಬೇರಿಂಗು, ಎಣ್ಣೆಸೀಲು, ಒತ್ತುಬಿಲ್ಲೆಗಳನ್ನು ಹಳೆಯದಾಗಿ ಕೊಳ್ಳುವುದು ಉಳಿತಾಯವಲ್ಲ, ಸಾಲ. ಬೇರಿಂಗಿನಲ್ಲಿ ಒಳಗಿನ ಉರುಳೆಗಳೊಡನೆ ಹೊರಗಿನ ಬಳೆಯನ್ನೂ ಬದಲಿಸಬೇಕು. ಹೆಸರಾಂತ ಸಂಸ್ಥೆಗಳ ಪೊಟ್ಟಣದಲ್ಲಿ ನಕಲಿ ಮಾಲು ಬರುವುದರಿಂದ ರಸೀದಿ ಕೇಳುವುದೂ, ಅಚ್ಚೊತ್ತಿದ ಭಾಗಸಂಖ್ಯೆಯನ್ನು ಕೈಪಿಡಿಯೊಡನೆ ಹೋಲಿಸುವುದೂ ಜಾಣತನ.

ಕೊಂಡ ಮೇಲೆ ಕೂಡಿಸುವ ಕೆಲಸವೇ ಪರೀಕ್ಷೆ. ಹಲ್ಲುಗಳ ನಡುವಿನ ಸಡಿಲವನ್ನು ಮಿಲಿಮೀಟರಿನ ಸಣ್ಣ ಪಾಲುಗಳಲ್ಲಿ ಅಳೆಯಬೇಕು. ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿ, ಗುರುತು ಹಲ್ಲಿನ ಅಂಚಿಗೆ ಸರಿಯದೆ ನಡುಭಾಗದಲ್ಲಿ ಬೀಳುವವರೆಗೆ ತೆಳುತಗಡುಗಳನ್ನು ಹೊಂದಿಸಬೇಕು. ಈ ತಾಳ್ಮೆಯಿಲ್ಲದ ಕೈಗೆ ಎಷ್ಟು ಬೆಲೆಯ ಭಾಗ ಕೊಟ್ಟರೂ ವ್ಯರ್ಥ.

ಕಾಸಿನ ಸೀಲು, ಕೋಟಿಯ ಪ್ರಾಣ

ಇಷ್ಟರಲ್ಲಿ ಅತ್ಯಂತ ಅಗ್ಗವಾದುದು ಎಣ್ಣೆಸೀಲು. ಅತ್ಯಂತ ಅಲಕ್ಷ್ಯಕ್ಕೆ ಗುರಿಯಾಗುವುದೂ ಅದೇ. ಅದು ಸೋತರೆ ಎಣ್ಣೆ ಚಕ್ರದ ಗುಂಬದೊಳಕ್ಕೆ ನುಸುಳಿ ಬ್ರೇಕಿನ ಪಟ್ಟಿಯನ್ನು ತೋಯಿಸುತ್ತದೆ. ಆಗ ಒಂದು ಚಕ್ರ ಹಿಡಿಯದು. ತುಂಬಿದ ಲಾರಿ ಪಕ್ಕಕ್ಕೆಳೆಯುತ್ತದೆ. ಶಾಲೆ ಬಿಡುವ ವೇಳೆಗೆ, ಪೇಟೆಯ ನಡುವೆ ಹೀಗಾದರೆ? ಸೀಲು ಪದೇ ಪದೇ ಸೋರುವಂತಿದ್ದರೆ ಕವಚದ ಮೇಲಿನ ಗಾಳಿಕಿಂಡಿ ಮಣ್ಣಿನಿಂದ ಮುಚ್ಚಿದೆಯೇ ಎಂದು ನೋಡಬೇಕು. ಒಳಗೆ ಕಾದ ಗಾಳಿಗೆ ದಾರಿಯಿಲ್ಲದಿದ್ದರೆ ಅದು ಎಣ್ಣೆಯನ್ನು ಹೊರದಬ್ಬುತ್ತದೆ. ಆ ಕಿಂಡಿಯನ್ನು ಶುಚಿಮಾಡಲು ಬೇಕಾದುದು ಒಂದು ತಂತಿ, ಐದು ನಿಮಿಷ.

ಇಳಿಜಾರಿನಲ್ಲಿ ಶಾಫ್ಟು ಮುರಿದರೂ ಅಪಾಯ ಇಷ್ಟೇ ಘೋರ. ಕವಚವೇ ಭಾರ ಹೊರುವುದರಿಂದ ಚಕ್ರ ಕಳಚಿ ಬೀಳದು ನಿಜ. ಆದರೆ ಎಂಜಿನ್ನಿನ ತಡೆ ಇಲ್ಲವಾಗಿ ಎಲ್ಲ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತದೆ.

ನಾಲ್ಕು ಟೈರುಗಳ ಹಿಂದಿನ ಅಚ್ಚು ಹೊರಬಹುದಾದ ಭಾರದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕಾಗದದ ಮೇಲೆ ಅಂಕಿ ಏರಿತೆಂದು ಹಳೆಯ ಉಕ್ಕಿನ ಬಲವೇನೂ ಏರಲಿಲ್ಲ. ಮಾಲೀಕನಾದವನು ಅಂಗಡಿಗೆ ಹೋಗುವ ಮೊದಲೇ ತನ್ನ ಲಾರಿ ಯಾವ ಹೊರೆಗೆ ತಯಾರಾದುದು ಎಂಬುದನ್ನು ಓದಿಕೊಂಡರೆ, ಮುಂದಿನ ಸುಗ್ಗಿಯಲ್ಲಿ ಇದೇ ಭಾಗಗಳಿಗಾಗಿ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕಾಗಲಾರದು.